ಉಣ್ಣಿ, ಮಂಗನ ಕಾಯಿಲೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಮಳೆಗಾಲ ಮುಗಿದು ಎಲೆ ಉದುರತೊಡಗಿದ ಮೇಲೆ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಕೃಷಿಕರು ಹಟ್ಟಿಗೂ ಅಡಿಕೆ ತೋಟಕ್ಕೂ ಬೇಕಾದ ತರಗೆಲೆ ತರಲು ಗುಡ್ಡ, ಕಾಡುಗಳಿಗೆ ಹೋಗುವುದು ವಾಡಿಕೆ. ಮನುಷ್ಯರನ್ನು ಕಚ್ಚುವ ಎಳೆಯ ಉಣ್ಣಿಗಳು ಆ ತರಗೆಲೆಯಲ್ಲಿ ಹೆಚ್ಚಾಗಿರುವ ಕಾಲವೂ ಅದೇ. ಆದುದರಿಂದ ಉಣ್ಣಿಯ ವಿಷಯವನ್ನು ಸದಸ್ಯರು ಬೇಸಿಗೆಗೆ ಮುನ್ನವೇ ತಿಳಿದಿರುವುದು ಅಗತ್ಯ.

ಉಣ್ಣಿಯ ಜೀವನಕ್ರಮ

ಉಣ್ಣಿ ಅಥವಾ ಉಣುಗು ರಕ್ತ ಹೀರಿ ಬದುಕುವ ಜೀವಿ. ಕಾಡಿನ ಉಣ್ಣಿಗಳು ಮಳೆಗಾಲದಲ್ಲಿ ಪ್ರೌಢಾವಸ್ಥೆಗೆ ಬಂದು, ಮೇಯಲು ಹೋದ ದನಗಳನ್ನೂ ಇತರ ದೊಡ್ಡ ಪ್ರಾಣಿಗಳನ್ನೂ ಹತ್ತುತ್ತವೆ. ರಕ್ತ ಹೀರಿದ ಹೆಣ್ಣು ನೆಲಕ್ಕೆ ಬಿದ್ದು ತರಗೆಲೆಯ ಅಡಿಯಲ್ಲಿ ರಾಶಿ ಮೊಟ್ಟೆಗಳನ್ನು ಇಡುತ್ತದೆ. ಮಳೆ ಕಡಿಮೆಯಾದಾಗ ಹೊರಬರುವ ಮರಿಗಳು ಇಲಿ, ಹಕ್ಕಿಗಳಂತಹ ಸಣ್ಣ ಜೀವಿಗಳ ರಕ್ತ ಹೀರಿ ಬೆಳೆಯುತ್ತವೆ. ನವೆಂಬರ್‌ನಿಂದ ಮೇ ತಿಂಗಳವರೆಗೆ ಕಾಣುವ ಮುಂದಿನ ಹಂತದ ಎಳೆಯ ಉಣ್ಣಿಗಳೇ ಮಂಗಗಳನ್ನೂ ಮನುಷ್ಯರನ್ನೂ ಕಚ್ಚುವುದು ಹೆಚ್ಚು. ಇವು ತೀರ ಚಿಕ್ಕವಾದುದರಿಂದ ಕಚ್ಚಿದ್ದು ಅನೇಕರ ಗಮನಕ್ಕೇ ಬರುವುದಿಲ್ಲ.

ಮಂಗನ ಕಾಯಿಲೆ

ಇಂತಹ ಉಣ್ಣಿಗಳಿಂದ ಹರಡುವ ಗಂಭೀರ ರೋಗ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಇದರ ವೈರಾಣು ಪತ್ತೆಯಾಯಿತು. ನಮ್ಮ ಜಿಲ್ಲೆಗೂ ಇದು ಹೊಸದಲ್ಲ. 1982-83ರಲ್ಲಿ ಕಡಬಕ್ಕೆ ತಾಗಿಕೊಂಡಿರುವ ಬೆಳ್ತಂಗಡಿ ತಾಲೂಕಿನಲ್ಲಿ, ಗೇರು ನೆಡುತೋಪಿಗಾಗಿ ಕಾಡು ಕಡಿದ ಪ್ರದೇಶದ ಸುತ್ತ ಇದು ಕಾಣಿಸಿಕೊಂಡು ಸಾವಿರಕ್ಕೂ ಹೆಚ್ಚು ಜನರನ್ನು ಬಾಧಿಸಿತು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲೂಕಿನ ಅರಳಗೋಡು ಪರಿಸರದಲ್ಲಿ ಹಲವರು ಇದೇ ಕಾಯಿಲೆಯಿಂದ ಅಸುನೀಗಿದರು.

ಉಣ್ಣಿ ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ತಾಗಿ ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕಣ್ಣು ಕೆಂಪಾಗುವಿಕೆ, ವಾಂತಿ ಕಾಣಿಸುತ್ತವೆ. ಕೆಲವರಿಗೆ ಮೂಗು, ವಸಡುಗಳಿಂದ ರಕ್ತಸ್ರಾವವಾಗುತ್ತದೆ. ಜ್ವರ ಬಿಟ್ಟು ಒಂದೆರಡು ವಾರಗಳ ಬಳಿಕ ಮತ್ತೆ ಜ್ವರ ಮರುಕಳಿಸಿ ಮೆದುಳಿಗೆ ತೊಂದರೆಯಾಗುವುದೂ ಉಂಟು. ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಹಿಂದೆ ನೀಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡದ ಕಾರಣ ಅದರ ಬಳಕೆ ನಿಂತಿದೆ. ಬೇಗನೆ ಆಸ್ಪತ್ರೆ ಸೇರಿ ಆರೈಕೆ ಪಡೆದವರು ಬಹುಪಾಲು ಗುಣಮುಖರಾಗುತ್ತಾರೆ. ವೈದ್ಯರ ಸಲಹೆಯಿಲ್ಲದೆ ನೋವಿನ ಮಾತ್ರೆ ನುಂಗುವುದು ರಕ್ತಸ್ರಾವವನ್ನು ಹೆಚ್ಚಿಸಬಹುದು. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯ ಮನೆಯವರನ್ನು ದೂರವಿಡಬಾರದು.

ಜಾನುವಾರುಗಳಿಗೆ ಆಗುವ ಹಾನಿ

ದನಗಳಿಗೆ ಮಂಗನ ಕಾಯಿಲೆ ಬಾಧಿಸದಿದ್ದರೂ ಅವು ಉಣ್ಣಿಗಳ ಸಂಖ್ಯೆ ಹೆಚ್ಚಲು ಕಾರಣವಾಗುತ್ತವೆ. ಅಲ್ಲದೆ ಬೇರೆ ಜಾತಿಯ ಉಣ್ಣಿಗಳಿಂದ ದನಗಳಿಗೆ ಬಬೇಸಿಯೋಸಿಸ್, ಥೈಲೇರಿಯೋಸಿಸ್‌ನಂತಹ ರೋಗಗಳು ತಗಲುತ್ತವೆ. ಕಾಫಿ ಬಣ್ಣದ ಮೂತ್ರ, ತೀವ್ರ ಜ್ವರ, ರಕ್ತಹೀನತೆ, ಹಾಲು ಇಳಿಯುವುದು ಇವುಗಳ ಲಕ್ಷಣ. ಮಲೆನಾಡು ಗಿಡ್ಡ ತಳಿಗಿಂತ ಜರ್ಸಿ, ಎಚ್‌ಎಫ್ ಮಿಶ್ರತಳಿಗಳು ಬೇಗ ಬಲಿಯಾಗುತ್ತವೆ. ಪಶುವೈದ್ಯರು ಸೂಚಿಸಿದ ಪ್ರಮಾಣದಲ್ಲೇ ಉಣ್ಣಿನಾಶಕ ಹಚ್ಚಬೇಕು. ಹಟ್ಟಿಯ ಗೋಡೆ, ನೆಲದ ಬಿರುಕುಗಳಿಗೂ ಔಷಧ ಸಿಂಪಡಿಸಬೇಕು.

ಸತ್ತ ಮಂಗವೇ ಮೊದಲ ಎಚ್ಚರಿಕೆ

ಮುಸುವ ಮತ್ತು ಕೆಂಪು ಮೂತಿಯ ಮಂಗಗಳು ಈ ವೈರಾಣುವಿನಿಂದ ಸಾಯುತ್ತವೆ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿದ್ದ ಉಣ್ಣಿಗಳು ಸುತ್ತಲಿನ ನೆಲಕ್ಕೆ ಇಳಿಯುವುದರಿಂದ ಆ ಜಾಗ ಅತ್ಯಂತ ಅಪಾಯಕಾರಿ. ಆದರೆ ಮಂಗಗಳಿಂದ ಬೆಳೆ ಹಾನಿ ಅನುಭವಿಸಿದ ಕೃಷಿಕರು, ಅರಣ್ಯ ಇಲಾಖೆಯ ವಿಚಾರಣೆಗೆ ಅಂಜಿ, ಕಳೇಬರವನ್ನು ಸದ್ದಿಲ್ಲದೆ ಹೂಳುವ ಸಾಧ್ಯತೆ ಇದೆ. ಹಾಗಾದಲ್ಲಿ ಊರಿಗೆ ಸಿಗಬೇಕಾದ ಎಚ್ಚರಿಕೆಯೇ ತಪ್ಪಿಹೋಗುತ್ತದೆ. ಸತ್ತ ಮಂಗವನ್ನು ಕಂಡು ತಿಳಿಸುವುದು ಅಪರಾಧವಲ್ಲ ಎಂಬ ಧೈರ್ಯವನ್ನು ಜನರಿಗೆ ತುಂಬಬೇಕಾದವರು ವಾರ್ಡಿನ ಸದಸ್ಯರೇ.

ಪಂಚಾಯತಿ ಕೈಗೊಳ್ಳಬೇಕಾದ ಕ್ರಮಗಳು

1. ಮಂಗ ಸತ್ತ ಸುದ್ದಿ ತಿಳಿದ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ ಮತ್ತು ಅರಣ್ಯ ಇಲಾಖೆಗೆ ತಿಳಿಸುವುದು. ಕಳೇಬರವನ್ನು ಯಾರೂ ಮುಟ್ಟದಂತೆ, ಜನ, ದನ ಅತ್ತ ಹೋಗದಂತೆ ನೋಡಿಕೊಳ್ಳುವುದು. ಸುತ್ತ 50 ಮೀಟರ್ ವ್ಯಾಪ್ತಿಯಲ್ಲಿ ಕೀಟನಾಶಕ ಪುಡಿ ಎರಚಲು ಇಲಾಖೆಯೊಂದಿಗೆ ಸಹಕರಿಸುವುದು.

2. ನವೆಂಬರ್‌ಗೆ ಮೊದಲು ಗ್ರಾಮಸಭೆಯಲ್ಲಿ ಈ ವಿಷಯ ಚರ್ಚಿಸಿ, ತರಗೆಲೆ ಸಂಗ್ರಹಿಸುವವರು ಹಾಗೂ ಕಾಡಂಚಿನಲ್ಲಿ ಉದ್ಯೋಗ ಖಾತರಿ ಕೆಲಸ ಮಾಡುವವರ ಪಟ್ಟಿ ತಯಾರಿಸುವುದು. ಆಶಾ ಕಾರ್ಯಕರ್ತೆಯರ ಮೂಲಕ ಉಣ್ಣಿ ನಿವಾರಕ ಡೇಪಾ ತೈಲ ಅವರಿಗೆ ತಲುಪುವಂತೆ ಮಾಡುವುದು.

3. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಹಿಂದಿರುಗಿದ ಕೂಡಲೇ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕೆಂದು ತಿಳಿಹೇಳುವುದು. ಅಂಟಿದ ಉಣ್ಣಿಯನ್ನು ಬೆರಳಿನಿಂದ ಹಿಸುಕದೆ, ಸುಡದೆ, ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆಯಬೇಕು.

4. ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದಲ್ಲಿ ಅದೇ ದಿನ ಆಸ್ಪತ್ರೆಗೆ ಕಳುಹಿಸುವುದು; ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳುವಂತೆ ತಿಳಿಸುವುದು.

ರೋಗಿಯೊಬ್ಬರು ಆಸ್ಪತ್ರೆ ಸೇರಿದ ಮೇಲೆ ಎಚ್ಚೆತ್ತುಕೊಳ್ಳುವುದಕ್ಕಿಂತ, ಮಂಗ ಸತ್ತ ಸುದ್ದಿ ಬಂದ ಗಳಿಗೆಯಲ್ಲೇ ಎಚ್ಚೆತ್ತರೆ ಒಂದು ಜೀವ ಉಳಿಯಬಹುದು. ಆ ಸುದ್ದಿ ಮೊದಲು ತಲುಪುವುದು ವಾರ್ಡಿನ ಸದಸ್ಯರಿಗೇ ಎಂಬುದನ್ನು ಮರೆಯಬಾರದು.