ವಲಸೆ ಬಂದವರ ನುಡಿ ಮತ್ತು ಬಲಿಪೀಠ: ಕೆನರಾದ ಕೊಂಕಣಿ ಕಥೋಲಿಕರ ಇತಿಹಾಸ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಗೆ ಸೇವೆಗೆಂದು ತೆರಳುವ ಗುರುಗಳಿಗೆ ಮೊದಲು ಎದುರಾಗುವುದು ನುಡಿಯ ಪ್ರಶ್ನೆ. ಅನೇಕರ ಮನೆಮಾತು ತೆಲುಗು, ಶಾಲೆ ಕಚೇರಿಗಳ ಭಾಷೆ ಕನ್ನಡ, ಕೆಲವು ಕುಟುಂಬಗಳಲ್ಲಿ ತಮಿಳು. ಪೂಜೆಯ ನುಡಿಯನ್ನು ನೆಲ ನಿರ್ಧರಿಸಬೇಕೇ, ಮನೆ ನಿರ್ಧರಿಸಬೇಕೇ? ಇದಕ್ಕೆ ಸಿದ್ಧ ಉತ್ತರವನ್ನು ನಾವು ನೀಡಲಾರೆವು. ಆದರೆ ಈ ಪ್ರಶ್ನೆಯೊಡನೆ ನಾಲ್ಕು ಶತಮಾನ ಬಾಳಿದ ವಲಸೆ ಸಮುದಾಯವೊಂದು ನಮ್ಮ ರಾಜ್ಯದ ಕರಾವಳಿಯಲ್ಲೇ ಇದೆ.

ಗೋವೆಯ ಕ್ರೈಸ್ತರು ಕೆನರಾಕ್ಕೆ ಬಂದದ್ದು ಒಂದೇ ಸಲವಲ್ಲ, ಒಂದೇ ಕಾರಣಕ್ಕೂ ಅಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್, ಕ್ಷಾಮ, ತೆರಿಗೆ, ಯುದ್ಧಗಳು, 1683ರ ಸಂಭಾಜಿಯ ದಂಡಯಾತ್ರೆ, ಇವೆಲ್ಲವೂ ಅವರನ್ನು ದಕ್ಷಿಣಕ್ಕೆ ತಳ್ಳಿದವು. ಕೆಳದಿಯ ಅರಸರಿಗೆ ಬೇಸಾಯಗಾರರು ಬೇಕಿದ್ದರು. ವಲಸಿಗರಿಗೆ ನೆಲ ದೊರೆಯಿತು. 1684ರಲ್ಲಿ ಗೋವೆಯ ಪೋರ್ಚುಗೀಸ್ ಆಡಳಿತವು ಕೊಂಕಣಿಯನ್ನು ತೊರೆದು ಮೂರು ವರ್ಷಗಳೊಳಗೆ ಪೋರ್ಚುಗೀಸ್ ಕಲಿಯಬೇಕೆಂದು ಆಜ್ಞಾಪಿಸಿತು. ತಾಯ್ನಾಡಿನಲ್ಲಿ ನಿಷೇಧಕ್ಕೊಳಗಾದ ನುಡಿ ಪರನಾಡಿನಲ್ಲಿ ನಿರಾತಂಕವಾಗಿ ಉಳಿಯಿತು ಎಂಬುದನ್ನು ನಮ್ಮ ಸಭಾ ಇತಿಹಾಸದ ಪಾಠಗಳು ಸಾಕಷ್ಟು ಒತ್ತಿ ಹೇಳುವುದಿಲ್ಲ.

ಧರ್ಮಾಧಿಕಾರದ ವಿಷಯದಲ್ಲಿ ಇಷ್ಟು ನೆಮ್ಮದಿ ಇರಲಿಲ್ಲ. ಪೋಪರ ಪ್ರತಿನಿಧಿಯಾಗಿ ಬಂದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ದೇವಾಲಯವನ್ನು ಕಟ್ಟಿಸಿದರು. ಪೋರ್ಚುಗೀಸರ ಪದ್ರುವಾದೊ ಹಕ್ಕನ್ನು ಕಾಯುತ್ತಿದ್ದ ಗೋವೆಯ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ. ಮೇಲಿನವರ ಈ ವ್ಯಾಜ್ಯದ ನಡುವೆ ಜನರು ಜಪಮಾಲೆ, ಹಬ್ಬ, ಹೊಸ ತೆನೆಗಳ ಮೂಲಕ ವಿಶ್ವಾಸವನ್ನು ಹಿಡಿದುಕೊಂಡರು. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸದಲ್ಲಿ ಅನೇಕ ದೇವಾಲಯಗಳು ನೆಲಸಮವಾದವು. ಮರಳಿ ಬಂದವರು ಕೊಂಕಣಿಯನ್ನಾಡುತ್ತಲೇ ಬಂದರು.

1878ರ ಕೊನೆಯ ದಿನ ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದರು. ಅವರ ಸಭೆಯಿಂದ ಮುಂದೆ ಬಂದ ಸಹೋದರ ಮೊಸ್ಕೇನಿ ಚಿತ್ರಿಸಿದ ಸಂತ ಅಲೋಶಿಯಸ್ ಪ್ರಾರ್ಥನಾಲಯವನ್ನು ಎಲ್ಲರೂ ಬಲ್ಲರು. ಗುರು ಆಂಜೆಲೊ ಮಾಫೆಯಿ ಮಾಡಿದ ಕೆಲಸ ಅದಕ್ಕಿಂತ ಹಿರಿದೆಂದು ನಮ್ಮ ಎಣಿಕೆ: 1882ರಲ್ಲಿ ಕೊಂಕಣಿ ವ್ಯಾಕರಣ, 1883ರಲ್ಲಿ ನಿಘಂಟು. ಅಚ್ಚಾದದ್ದು ಪ್ರೊಟೆಸ್ಟೆಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ! ಅದೇ ದಶಕದಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಮಾಫೆಯಿಯವರ ನಾಡಿನವರೇ ಆದ ಬಡ ವಲಸಿಗರು ಕಾರ್ಮೆಲ್ ಮಾತೆಯ ದೇವಾಲಯವನ್ನು ತಮ್ಮ ಶ್ರಮದಿಂದ ಕಟ್ಟಿ, 1919ರವರೆಗೂ ಅದರ ನೆಲಮಾಳಿಗೆಯಲ್ಲಿ ಪೂಜೆ ಸಲ್ಲಿಸಬೇಕಾಯಿತು. ಇಂತಹ ವಲಸಿಗರಿಗಾಗಿಯೇ ಧರ್ಮಾಧ್ಯಕ್ಷ ಸ್ಕಲಬ್ರೀನಿ 1887ರಲ್ಲಿ ಗುರುಗಳ ಸಭೆಯೊಂದನ್ನು ಸ್ಥಾಪಿಸಿದರು. ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯದಲ್ಲಿ ಗ್ರೀಕ್ ನುಡಿಯ ವಿಧವೆಯರು ದಿನನಿತ್ಯದ ಹಂಚಿಕೆಯಲ್ಲಿ ಕಡೆಗಣಿಸಲ್ಪಟ್ಟಾಗ ಎದ್ದ ಗೊಣಗಾಟವೂ ಈ ಬಗೆಯದೇ.

ಆದರೆ ಕೊಂಕಣಿ ಕಥೋಲಿಕರು ಗೋವೆಯಿಂದ ನುಡಿಯನ್ನು ಮಾತ್ರ ತರಲಿಲ್ಲ. ಬಾಮಣ, ಚಾರೊಡಿ, ಸುದಿರ್ ಎಂಬ ಜಾತಿಭೇದಗಳನ್ನೂ ತಂದರು. ಬಲಿಪೀಠದ ಸುತ್ತ ನೆರೆದವರು ಮದುವೆಯ ಮಾತು ಬಂದಾಗ ಬೇರೆಬೇರೆಯಾದರು. ಪರಂಪರೆಯ ರಕ್ಷಣೆ ಎಂದೊಡನೆ ಎಲ್ಲವೂ ಪವಿತ್ರವಾಗುವುದಿಲ್ಲ. ಇನ್ನೊಂದೆಡೆ, ಅವರು ನೆಲದಿಂದ ಪಡೆದುದೂ ಇದೆ. 1912ರ ‘ಕೊಂಕ್ಣಿ ದಿರ್ವೆಂ’, 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಗಳು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಅಚ್ಚಿಸಿದವು. ಎರಡನೆಯ ವತಿಕಾನ್ ಮಹಾಸಭೆ 1963ರಲ್ಲಿ ಪೂಜಾವಿಧಿಗೆ ಜನರ ನುಡಿಯನ್ನು ಬಳಸಲು ಅವಕಾಶವಿತ್ತಾಗ, ಓದಿ ಬರೆಯುವ ರೂಢಿಯಿದ್ದ ನುಡಿಯೊಂದು ಅಲ್ಲಿ ಸಿದ್ಧವಾಗಿತ್ತು.

ಗೌರಿಬಿದನೂರಿನ ತೆಲುಗು ಮನೆಯೊಂದರಲ್ಲಿ ಮುಪ್ಪಿನ ತಾಯಿಯೊಬ್ಬರ ಪಾಪನಿವೇದನೆಗೆ ಕಿವಿಗೊಡುವ ಗುರುವಿಗೆ ಈ ಇತಿಹಾಸ ದೂರದ್ದಲ್ಲ. ಪೂಜೆ ಕನ್ನಡದಲ್ಲೇ ನಡೆಯಲಿ. ಆ ತಾಯಿ ತನ್ನ ಸಂಕಟವನ್ನು ಹೇಳಿಕೊಳ್ಳುವಷ್ಟು ತೆಲುಗನ್ನು ಗುರು ಕಲಿತಿರಬೇಕು. ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಮತ್ತೆ ವಲಸೆ ಹೋಗಿರುವ ಕೊಂಕಣಿ ಮನೆಗಳಲ್ಲಿ, ಅಜ್ಜಿಯ ಜಪಮಾಲೆಗೆ ಇಂಗ್ಲಿಷಿನಲ್ಲಿ ಓಗೊಡುವ ಮೊಮ್ಮಕ್ಕಳು ಈಗಾಗಲೇ ಬೆಳೆಯುತ್ತಿದ್ದಾರೆ.