ಹಿರಿಯರ ರಕ್ತದೊತ್ತಡ: ನಿರ್ಣಯಕ್ಕೆ ಮುನ್ನಿನ ಒಂದು ವಾರ

ಜಾತ್ರೆ, ಪುಣ್ಯಸ್ಮರಣೆಗಳ ಸಂದರ್ಭದಲ್ಲಿ ಏರ್ಪಡುವ ಆರೋಗ್ಯ ತಪಾಸಣಾ ಶಿಬಿರಗಳಿಂದ ಎಷ್ಟೋ ಹಿರಿಯರು ಒಂದು ಚೀಟಿಯನ್ನು ಹಿಡಿದು ಮನೆಗೆ ಮರಳುತ್ತಾರೆ. ಅದರಲ್ಲಿ 150/94 ಎಂದೋ 156/92 ಎಂದೋ ಬರೆದಿರುತ್ತದೆ. ಕೆಳಗೆ ‘ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ’ ಎಂಬ ಸೂಚನೆ. ತಂದೆಯವರು ಚೀಟಿಯನ್ನು ಅಂಗಿಯ ಜೇಬಿನಲ್ಲಿಯೇ ಮರೆತುಬಿಡುತ್ತಾರೆ. ತಾಯಿಯವರಾದರೆ ಅಂದಿನ ರಾತ್ರಿ ನಿದ್ರಿಸುವುದಿಲ್ಲ. ಮಕ್ಕಳ ನೆರವು ಬೇಕಾಗುವುದು ಈ ಹಂತದಲ್ಲಿಯೇ.

ಒಂದು ಅಳತೆಯಿಂದ ರೋಗ ನಿರ್ಣಯವಾಗುವುದಿಲ್ಲ. ಮೇಲಿನ ಸಂಖ್ಯೆ ಹೃದಯ ಸಂಕುಚಿಸಿದಾಗಿನ ಒತ್ತಡ, ಕೆಳಗಿನದು ಅದು ಸಡಿಲಗೊಂಡಾಗಿನದು. ಬೇರೆ ಬೇರೆ ದಿನಗಳಲ್ಲಿ ಚಿಕಿತ್ಸಾಲಯದಲ್ಲಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಸಾಮಾನ್ಯವಾಗಿ ಅಧಿಕ ರಕ್ತದೊತ್ತಡವೆಂದು ವೈದ್ಯರು ನಿರ್ಧರಿಸುತ್ತಾರೆ. ಬಿಸಿಲಿನಲ್ಲಿ ನಡೆದು ಬಂದು ಸರದಿಯಲ್ಲಿ ನಿಂತವರಿಗೆ, ವೈದ್ಯರನ್ನು ಕಂಡೊಡನೆ ಎದೆ ಬಡಿದುಕೊಳ್ಳುವವರಿಗೆ ಸಂಖ್ಯೆ ಏರುವುದು ಸಹಜ. ಇದಕ್ಕೆ ವಿರುದ್ಧವಾಗಿ, ಚಿಕಿತ್ಸಾಲಯದಲ್ಲಿ ಸರಿಯಾಗಿದ್ದು ಮನೆಯಲ್ಲಿ ಒತ್ತಡ ಹೆಚ್ಚಿರುವವರೂ ಇದ್ದಾರೆ. ಆದುದರಿಂದಲೇ ಮನೆಯಲ್ಲಿ ಒಂದು ವಾರ ಬರೆದಿಟ್ಟ ಅಳತೆಗಳು ವೈದ್ಯರಿಗೆ ಬಹಳ ಉಪಯುಕ್ತ.

ತೋಳಿಗೆ ಪಟ್ಟಿ ಕಟ್ಟುವ ಯಂತ್ರವೇ ಇರಲಿ. ಮಣಿಕಟ್ಟಿನದು ಅಷ್ಟು ನಂಬಲರ್ಹವಲ್ಲ. ಅಳೆಯುವುದಕ್ಕೆ ಅರ್ಧ ಗಂಟೆ ಮೊದಲು ಚಹಾ, ಕಾಫಿ, ತಂಬಾಕು ಬೇಡ. ಮೂತ್ರವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಪಾದಗಳು ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, ಪಟ್ಟಿ ಬರಿ ತೋಳಿನ ಮೇಲೆ. ಆ ಹೊತ್ತಿನಲ್ಲಿ ಮಾತು ಸಲ್ಲದು. ನಮ್ಮ ಮನೆಗಳಲ್ಲಿ ಅತ್ಯಂತ ಕಠಿಣವಾದ ನಿಯಮ ಇದೇ ಇರಬಹುದು. ಬೆಳಿಗ್ಗೆ ಎರಡು ಬಾರಿ, ಸಂಜೆ ಎರಡು ಬಾರಿ, ನಡುವೆ ಒಂದು ನಿಮಿಷ ಬಿಟ್ಟು ಅಳೆದು ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ಮುಟ್ಟಿದರೆ ಅಥವಾ ಮೀರಿದರೆ ಆ ಹಾಳೆಯೊಂದಿಗೆ ವೈದ್ಯರನ್ನು ಕಾಣಬೇಕು. ಸಂಖ್ಯೆ 180/120 ಮೀರಿದ್ದರೆ ವಾರ ಕಾಯುವಂತಿಲ್ಲ. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು, ಒಂದು ಬದಿಯ ಕೈಕಾಲು ಸೋಲುವುದು ಕಂಡರಂತೂ ಸಂಖ್ಯೆ ಎಷ್ಟೇ ಇರಲಿ, ಕೂಡಲೇ 108ಕ್ಕೆ ಕರೆ ಮಾಡಬೇಕು.

ವೈದ್ಯರಲ್ಲಿಗೆ ಹೋಗುವಾಗ ಹಿರಿಯರು ಸೇವಿಸುವ ಎಲ್ಲ ಔಷಧಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮೊಣಕಾಲು ನೋವಿಗೆಂದು ಅಂಗಡಿಯಿಂದ ತರಿಸಿಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಗುಳಿಗೆಗಳು ಒತ್ತಡವನ್ನು ಏರಿಸಬಲ್ಲವು. ಕೆಮ್ಮಿಗೆಂದು ದಿನವೂ ಸೇವಿಸುವ ಜ್ಯೇಷ್ಠಮಧುವೂ ಹಾಗೆಯೇ. ಕೇಳದ ಹೊರತು ಇವುಗಳನ್ನು ಯಾರೂ ಔಷಧಿಯೆಂದು ಹೇಳುವುದಿಲ್ಲ. ನೆರೆಮನೆಯವರ ಬಿಪಿ ಗುಳಿಗೆಯನ್ನು ‘ನೋಡೋಣ’ ಎಂದು ನುಂಗುವುದು ಮಾತ್ರ ಅಪಾಯ.

ಊಟದ ವಿಷಯ ಸೂಕ್ಷ್ಮವಾದುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪು ಬೆರೆಸಿದ ಮಜ್ಜಿಗೆ ಸೇರಿದರೆ ಈ ಮಿತಿ ಒಂದೇ ಊಟದಲ್ಲಿ ದಾಟಬಹುದು. ಆದರೆ ತಂದೆಯವರ ತಟ್ಟೆಯ ಮುಂದಿನಿಂದ ಉಪ್ಪಿನಕಾಯಿಯ ಭರಣಿಯನ್ನು ಎತ್ತಿಟ್ಟು, ಉಳಿದವರು ಅವರೆದುರೇ ಸವಿಯುವುದು ಆರೈಕೆಯಲ್ಲ, ಅವಮಾನ. ಮನೆಯವರೆಲ್ಲರ ಅಡುಗೆಯಲ್ಲಿಯೇ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

‘ನನಗೇನೂ ಆಗಿಲ್ಲ’ ಎಂಬ ಅವರ ಮಾತು ಹಟದ್ದಲ್ಲ. ಬಹುಪಾಲು ಜನರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಗುಳಿಗೆ ಹಿಡಿದರೆ ಜೀವನಪರ್ಯಂತ ಬಿಡಲಾಗದೆಂಬ ಅಂಜಿಕೆಯೂ ಒಳಗಿರುತ್ತದೆ. ಆ ಪ್ರಶ್ನೆಯನ್ನು ಅವರೇ ವೈದ್ಯರಿಗೆ ಕೇಳಲಿ, ಉತ್ತರವನ್ನೂ ಅವರೇ ಆಲಿಸಲಿ. ಮಕ್ಕಳು ಪಕ್ಕದಲ್ಲಿದ್ದರೆ ಸಾಕು. ದೂರದ ಊರಿನಲ್ಲಿರುವವರು ದಿನವೂ ಕರೆ ಮಾಡಿ ‘ಬಿಪಿ ಎಷ್ಟು?’ ಎಂದೇ ಮಾತು ತೆಗೆಯದೆ, ಮಳೆ, ಹೊಲ, ಮೊಮ್ಮಕ್ಕಳ ಸುದ್ದಿಯ ನಂತರ ಆ ಮಾತಿಗೆ ಬರಲಿ.