ದೋಣಿ ಕಟ್ಟುವ ಹೊತ್ತು

ಸಂಜೆ ಐದೂವರೆಯಾಗುತ್ತಿದ್ದಂತೆ ಆಲಪ್ಪುಳದ ಹಿನ್ನೀರಿನಲ್ಲಿ ಎಂಜಿನ್‌ಗಳ ಸದ್ದು ಒಂದೊಂದಾಗಿ ಅಡಗುತ್ತದೆ. ದೋಣಿಮನೆಗಳೆಲ್ಲ ದಡಕ್ಕೆ ಸರಿದು, ತೆಂಗಿನ ಬುಡಕ್ಕೆ ಹಗ್ಗ ಬಿಗಿದು ನಿಂತರೆ ಮತ್ತೆ ಕದಲುವುದು ಬೆಳಿಗ್ಗೆಯೇ. ಅಲ್ಲಿಂದಾಚೆ ನೀರು ಮೀನುಗಾರರದು. ಮಬ್ಬಿನಲ್ಲಿ ಸಣ್ಣ ಸಣ್ಣ ವಳ್ಳಗಳು ಹೊರಡುತ್ತವೆ. ಒಬ್ಬ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ಮಡಿಕೆ ಬಿಡಿಸುತ್ತಾ ಬಲೆ ಇಳಿಬಿಡುತ್ತಾನೆ. ಆ ಬಲೆಗಳ ಮೇಲೆ ದೊಡ್ಡ ದೋಣಿ ಹರಿದರೆ ಅವರ ರಾತ್ರಿಯ ದುಡಿಮೆ ಹೋಯಿತು. ಅದಕ್ಕೇ ಈ ಕಟ್ಟಳೆ.

ನಾಲ್ಕು ವರ್ಷದ ಹಿಂದೆ ನಾವು ಅಲ್ಲಿಗೆ ಹೋದದ್ದು ಒಂದೇ ರಾತ್ರಿಗೆ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿ, ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಇಳಿಯುವ ಲೆಕ್ಕ. ಐದೂವರೆಗೆ ದೋಣಿ ನಿಂತಿತು, ನಿಂತದ್ದು ಮಾತ್ರ ಹತ್ತಾರು ದೋಣಿಗಳ ಸಾಲಿನಲ್ಲಿ. ಪಕ್ಕದ ದೋಣಿಯ ಜನರೇಟರ್ ನಮ್ಮ ಕಿಟಕಿಯ ಮಗ್ಗುಲಲ್ಲೇ ಬೆಳಗಿನವರೆಗೆ ಗುಡುಗುಟ್ಟಿತು. ಇಳಿಯುವಾಗ ಅಮ್ಮ ಅಂದಳು: "ನೀರು ನೋಡಿದ್ದಾಯ್ತು ಕಣೋ. ನೀರಿನ ಸದ್ದು ಕೇಳಲೇ ಇಲ್ಲ."

ಈ ಜನವರಿಗೆ ಮೂರು ರಾತ್ರಿಯ ಪ್ರವಾಸ ಗೊತ್ತುಮಾಡಲು ಮೈಸೂರಿನ ಮನೆಯಲ್ಲಿ ಊಟದ ಮೇಜಿನ ಮೇಲೆ ನಕ್ಷೆ ಹರಡಿದಾಗ ನನ್ನ ಕಿವಿಯಲ್ಲಿದ್ದದ್ದು ಆ ಮಾತು.

ನಕ್ಷೆಯಲ್ಲಿ ವೇಂಬನಾಡ್ ಕಾಯಲ್, ಅಂದರೆ ಆ ಹಿನ್ನೀರು, ಉದ್ದಕ್ಕೆ ಮಲಗಿದೆ, ಸುಮಾರು 96 ಕಿಲೋಮೀಟರ್. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ನದಿಗಳು ಬೆಟ್ಟದಿಂದ ಇಳಿದು ಅದಕ್ಕೆ ಸೇರುತ್ತವೆ. ಅವುಗಳ ನಡುವಿನ ಕೆಸರು ನೆಲವೇ ಕುಟ್ಟನಾಡು. ಭಾವ ಕೊಲ್ಲಂನಿಂದ ಬೆರಳು ಎಳೆಯುತ್ತಾ ಉತ್ತರದ ಕೋಟ್ಟಪ್ಪುರಂವರೆಗೆ ಹೋದರು. 1993ರಲ್ಲಿ ರಾಷ್ಟ್ರೀಯ ಜಲಮಾರ್ಗವೆಂದು ಘೋಷಿಸಿದ ದಾರಿ ಅದು, 168 ಕಿಲೋಮೀಟರ್.

"ಇಷ್ಟೂ ನೋಡಿಬಿಡೋಣ" ಎಂದರು.

"ಅಷ್ಟು ದೂರ ಓಡಿಸಿಕೊಂಡು ಹೋದರೆ ಕೂತುಕೊಳ್ಳೋದು ಯಾವಾಗ ರೀ?" ಅಕ್ಕ ಕೇಳಿದಳು.

ಅವಳ ಮಾತೇ ಸರಿ. ದೋಣಿಮನೆಯ ಪ್ರವಾಸವನ್ನು ದಾರಿಯಿಂದ ಶುರುಮಾಡಿ ಯೋಜಿಸಬಾರದು, ತಂಗುವ ಜಾಗದಿಂದ ಶುರುಮಾಡಬೇಕು ಎಂದು ನನಗೀಗ ಗಟ್ಟಿಯಾಗಿ ಅನಿಸುತ್ತದೆ. ಇಪ್ಪತ್ತನಾಲ್ಕು ಗಂಟೆಯಲ್ಲಿ ಹೆಚ್ಚು ಹೊತ್ತು ದೋಣಿ ಕಟ್ಟಿಹಾಕಿಯೇ ಇರುತ್ತದೆ. ಮೂರು ರಾತ್ರಿಯೆಂದರೆ ಮೂರು ದಡ. ಮೊದಲು ಅವನ್ನು ಆರಿಸಿಕೊಂಡರೆ ದಾರಿ ತಾನಾಗಿ ಕೂಡಿಕೊಳ್ಳುತ್ತದೆ.

ಮೊದಲ ದಿನ ಪುನ್ನಮಡದಿಂದ ಹೊರಟು ಕೈನಕರಿ. ಆಗಸ್ಟ್‌ನಲ್ಲಾದರೆ ನೆಹರೂ ಟ್ರೋಫಿ ದೋಣಿ ಪಂದ್ಯಕ್ಕೆ ಹಾವಿನಂಥ ಚುಂಡನ್ ವಳ್ಳಗಳು ಹಾರುವ ನೀರು ಪುನ್ನಮಡದ್ದು. ಜನವರಿಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ತುಂಬಿಕೊಂಡ ಸರ್ಕಾರಿ ಬೋಟುಗಳು ಓಡಾಡುತ್ತಿರುತ್ತವೆ, ಬಸ್ಸಿನ ಹಾಗೆ ನಿಲ್ದಾಣಕ್ಕೊಮ್ಮೆ ನಿಂತು. ಎರಡನೆಯ ದಿನ ಬೆಳಿಗ್ಗೆ, ಗಾಳಿ ಏಳುವ ಮೊದಲೇ, ವಿಶಾಲ ಕಾಯಲ್. ದೂರದಲ್ಲಿ ಪಾತಿರಾಮಣಲ್ ದ್ವೀಪದ ಕಡುಹಸಿರು, ಗೂಟದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆ. ಮರಳುವಾಗ ಆರ್ ಬ್ಲಾಕ್. ಮೂರನೆಯ ದಿನ ಪಂಪೆಯಲ್ಲಿ ಮೇಲಕ್ಕೆ, ನೆಡುಮುಡಿ ದಾಟಿ ಹಳೆಯ ಇಗರ್ಜಿಯ ಚಂಬಕುಳಂ.

ಆರ್ ಬ್ಲಾಕ್ ಬಳಿ ಕಳೆದ ಸಲ ಕಂಡದ್ದು ನನಗೆ ಮರೆಯುವಂತಿಲ್ಲ. ಕಾಯಲ್‌ಗೆ ಕೆಸರಿನ ಒಡ್ಡು ಕಟ್ಟಿ, ಒಳಗಿನ ನೀರು ಹೊರಚೆಲ್ಲಿ ಗಳಿಸಿದ ನೆಲ ಅದು. ದೋಣಿಯ ಮೇಲಟ್ಟದಲ್ಲಿ ನಿಂತರೆ ಎಡಕ್ಕೆ ನೀರು, ಬಲಕ್ಕೆ ಭತ್ತ. ಭತ್ತ ನೀರಿಗಿಂತ ಕೆಳಗಿದೆ! ನಮ್ಮ ಕಾಲಬುಡದಲ್ಲಿ ನೀರು ಒಡ್ಡಿನ ಅಂಚಿಗೆ ಬಡಿಯುತ್ತಿದ್ದರೆ, ಆಚೆ ಬದಿಯಲ್ಲಿ ಒಂದಾಳು ತಗ್ಗಿನಲ್ಲಿ ಹೆಂಗಸರು ಬಾಗಿ ಕಳೆ ಕೀಳುತ್ತಿದ್ದರು. ಒಡ್ಡಿನ ಮೇಲಿನ ಮೋಟಾರು ಗದ್ದೆಯ ನೀರನ್ನು ಎತ್ತಿ ಎತ್ತಿ ಕಾಲುವೆಗೆ ಸುರಿಯುತ್ತಿತ್ತು. ಸಮುದ್ರಮಟ್ಟಕ್ಕಿಂತ ಕೆಳಗೆ ಮಾಡುವ ಈ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. ನೋಡಿದವರಿಗೆ ಆ ಮನ್ನಣೆ ತಡವಾಯಿತೆಂದೇ ಅನಿಸೀತು.

ಜನವರಿಗೆ ಒಂದು ತೊಡಕೂ ಇದೆ. ಸಮುದ್ರದ ಉಪ್ಪು ಗದ್ದೆಗೆ ಹತ್ತದಿರಲೆಂದು ತಣ್ಣೀರ್‌ಮುಕ್ಕಂ ಒಡ್ಡಿನ ಬಾಗಿಲುಗಳನ್ನು ಡಿಸೆಂಬರ್ ನಡುವಿಗೆ ಮುಚ್ಚುತ್ತಾರೆ. ಭತ್ತಕ್ಕೆ ಒಳ್ಳೆಯದು. ಆದರೆ ಉಪ್ಪು ತಾಗದ, ಹರಿಯದ ನೀರಿನಲ್ಲಿ ಅಂತರಗಂಗೆ ಬೆಳೆದು ಸಣ್ಣ ಕಾಲುವೆಗಳ ಬಾಯಿ ಕಟ್ಟುತ್ತದೆ. ದೊಡ್ಡ ದೋಣಿಗೆ ಅಲ್ಲಿ ಮೊದಲೇ ಜಾಗ ಸಾಲದು. ಒಳಗಿನ ಊರುಗಳಿಗೆ ಹೋಗಲು ಹುಟ್ಟಿನ ದೋಣಿಯನ್ನೇ ಗೊತ್ತುಮಾಡಿಕೊಳ್ಳಬೇಕು. ಒಂದು ಬೆಳಗನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ದೋಣಿಯ ಆಯ್ಕೆಯಲ್ಲಿ ಭಾವನದು ಒಂದೇ ಹಟ: ಹಳೆಯ ಕೆಟ್ಟುವಳ್ಳವೇ ಆಗಬೇಕು. ಕೆಟ್ಟು ಎಂದರೆ ಕಟ್ಟು, ನಮ್ಮದೇ ಮಾತು. ಹೆಬ್ಬಲಸಿನ ಹಲಗೆಗಳನ್ನು ಒಂದಕ್ಕೊಂದು ಒತ್ತಿಟ್ಟು ತೆಂಗಿನ ನಾರಿನ ಹುರಿಯಿಂದ ಹೊಲಿದ ಒಡಲು, ಮೊಳೆ ಒಂದೂ ಇಲ್ಲ. ಮೇಲೆ ಗೇರುಬೀಜದ ಸಿಪ್ಪೆಯಿಂದ ಕಾಯಿಸಿ ತೆಗೆದ ಕಪ್ಪು ಲೇಪ. ಹಿಂದೆ ಇವು ಕುಟ್ಟನಾಡಿನ ಭತ್ತವನ್ನು ಕೊಚ್ಚಿಗೆ ಹೊರುತ್ತಿದ್ದವು. ಲಾರಿಗಳು ಬಂದ ಮೇಲೆ ದಡ ಸೇರಿ, ಆಮೇಲೆ ಬಿದಿರಿನ ಮಾಡು ಹೊತ್ತು ಮನೆಗಳಾದವು. ಒಳಗೆ ಬಗ್ಗಿ ನೋಡಿದರೆ ಹಲಗೆಯ ಸಂದಿನುದ್ದಕ್ಕೂ ಆ ಹೊಲಿಗೆ ಕಾಣುತ್ತದೆ, ಅಜ್ಜಿಯ ಕೌದಿಯ ದಾರದ ಹಾಗೆ.

ನನ್ನ ಹಟ ಬೇರೆ. ಶೌಚದ ತೊಟ್ಟಿ ಎಲ್ಲಿ ಖಾಲಿಯಾಗುತ್ತದೆ ಎಂದು ಮೊದಲು ಕೇಳಿದೆ. ದಡದ ಮೆಟ್ಟಿಲ ಮೇಲೆ ಕೂತು ಜನ ಪಾತ್ರೆ ತೊಳೆಯುವ ನೀರು ಅದು, ಮಕ್ಕಳು ಮೀಯುವ ನೀರು. ಇದಕ್ಕೆ ನೇರ ಉತ್ತರ ಕೊಡದವರ ದೋಣಿ ಎಷ್ಟು ಅಗ್ಗವಾಗಿದ್ದರೂ ಬೇಡವೆಂದು ಬಿಟ್ಟೆವು. ಪರವಾನಗಿ, ಮಕ್ಕಳ ಅಳತೆಯ ಲೈಫ್ ಜಾಕೆಟ್, ಅಮ್ಮನ ಮಂಡಿನೋವಿಗೆ ಹತ್ತಿಳಿಯುವ ಹಲಗೆಯ ಪಕ್ಕ ಹಿಡಿಯಲೊಂದು ಕಟಾಂಜನ, ಎಲ್ಲ ಕೇಳಿ ಬರೆದುಕೊಂಡಾಯಿತು. ಕುಚ್ಚಲಕ್ಕಿ ಒಗ್ಗದು ಎಂದು ಅಮ್ಮ ಎರಡು ಸೇರು ಸೋನಾ ಮಸೂರಿ ಆಗಲೇ ಕಟ್ಟಿಟ್ಟಿದ್ದಾಳೆ, ಜೊತೆಗೆ ಚಟ್ನಿಪುಡಿ.

ಕೊನೆಗೆ ಉಳಿದದ್ದು ತಂಗುವ ಮಾತು. ದೋಣಿ ನಡೆಸುವ ಸ್ರಾಂಕ್‌ಗೆ ಫೋನ್ ಮಾಡಿದೆ. ಅವರದು ತಮಿಳು ಬೆರೆತ ಮಲಯಾಳ, ನನ್ನದು ತಮಿಳು ಬೆರೆತ ಕನ್ನಡ.

"ಚೇಟ್ಟಾ, ಬೇರೆ ದೋಣಿ ಇಲ್ಲದ ಕಡೆ ಕಟ್ಟಬಹುದಾ?"

ಕಟ್ಟಬಹುದು, ಆದರೆ ದಡದ ಮನೆಯವರನ್ನು ಕೇಳಬೇಕು ಎಂದರು. ಅದು ಅವರ ಅಂಗಳ.

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಆರ್ ಬ್ಲಾಕ್ ಹತ್ತಿರ ಒಂದು ಒಂಟಿಮನೆ. ಅಲ್ಲಿನ ಅಮ್ಮಚ್ಚಿ ಒಪ್ಪಿದ್ದಾರೆ, ಕತ್ತಲಾದ ಮೇಲೆ ಜನರೇಟರ್ ಹಾಕಬಾರದು ಎಂದಿದ್ದಾರೆ. ಬೆಳಿಗ್ಗೆ ಆರಕ್ಕೆ ಮೆಟ್ಟಿಲಿಗೆ ಬಟ್ಟೆ ಒಗೆಯಲು ಬರುತ್ತಾರಂತೆ, ಅಷ್ಟರೊಳಗೆ ಗಳ ಊರಿ ದೋಣಿಯನ್ನು ಒಂದಿಷ್ಟು ಆಚೆ ಸರಿಸಿಕೊಡಬೇಕಂತೆ.

ಅಡುಗೆಮನೆಯಿಂದ ಎಲ್ಲವನ್ನೂ ಕೇಳಿಸಿಕೊಂಡ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

"ಆರಕ್ಕೆ ಯಾಕೆ, ಐದೂವರೆಗೇ ಸರಿಸಿಬಿಡಿ ಅಂತ ಹೇಳೋ. ನಾನು ಎದ್ದಿರ್ತೀನಿ."